ರೇಸಿನ ಸೈಕಲ್ಲಿನ ಚೌಕಟ್ಟು: ಹಗುರವೆ, ಬಾಳಿಕೆಯೆ?

ಬಾಗಲಕೋಟೆ ತಾಲ್ಲೂಕಿನ ಶಿರೂರಿನಲ್ಲಿ ಮುಂಜಾನೆ ರಸ್ತೆಯ ಬದಿಗೆ ಅರ್ಧ ಗಂಟೆ ನಿಂತರೆ ಸೈಕಲ್ಲುಗಳ ಎರಡು ಕುಲಗಳನ್ನು ಕಾಣಬಹುದು. ಮೊದಲನೆಯದು ಹಾಲಿನ ಕ್ಯಾನನ್ನೋ ಹಸಿ ಮೇವಿನ ಹೊರೆಯನ್ನೋ ಹೊತ್ತು ನಿಧಾನವಾಗಿ ಸಾಗುವ ಕರಿಯ ಸೈಕಲ್ಲು. ಅದರ ತೂಕ 20 ಕಿಲೋಗ್ರಾಮಿನ ಆಸುಪಾಸು. ಬಣ್ಣ ಮಾಸಿರುತ್ತದೆ, ಮಡ್‌ಗಾರ್ಡು ಗಡಗಡಿಸುತ್ತಿರುತ್ತದೆ, ಸೀಟಿನ ತೊಗಲು ಹರಿದಿರುತ್ತದೆ. ಆದರೂ ತಂದೆ ಏರಿದ ಚೌಕಟ್ಟನ್ನೇ ಮಗನೂ ಏರಿರುತ್ತಾನೆ. ಎರಡನೆಯದು ಸಾಲುಗಟ್ಟಿ ಬಂದು, ಸರ್ರನೆ ಹಾದು, ಅಮೀನಗಡದ ದಿಕ್ಕಿಗೆ ಮರೆಯಾಗುವ ರೇಸಿನ ಸೈಕಲ್ಲು. ಅದರ ಒಟ್ಟು ತೂಕ 8 ಕಿಲೋಗ್ರಾಂ ಇದ್ದೀತು; ಚೌಕಟ್ಟೊಂದನ್ನೇ ಬಿಚ್ಚಿ ತೂಗಿದರೆ 1ರಿಂದ 2 ಕಿಲೋಗ್ರಾಮಿನೊಳಗೆ. ಮೊದಲನೆಯವನು ತನ್ನ ಸೈಕಲ್ಲಿನ ತೂಕವೆಷ್ಟೆಂದು ಎಂದೂ ವಿಚಾರಿಸಿದವನಲ್ಲ. ಎರಡನೆಯವನು ಗ್ರಾಮುಗಳ ಲೆಕ್ಕದಲ್ಲಿಯೇ ಮಾತನಾಡುತ್ತಾನೆ.

ವಿಜಯಪುರ ಮತ್ತು ಬಾಗಲಕೋಟೆಗಳ ಸೀಮೆಯು ರಸ್ತೆ ಸೈಕಲ್ ಸ್ಪರ್ಧೆಗೆ ಕರ್ನಾಟಕದಲ್ಲೆಲ್ಲ ಹೆಸರಾದುದು. 1997ರಲ್ಲಿ ಬಾಗಲಕೋಟೆಯು ಪ್ರತ್ಯೇಕ ಜಿಲ್ಲೆಯಾಯಿತು. ಅದಕ್ಕೂ ಮೊದಲಿನಿಂದಲೇ ಅಖಂಡ ಜಿಲ್ಲೆಯ ಹಳ್ಳಿಗಳ ಮಕ್ಕಳು ಈ ಆಟದಲ್ಲಿ ಮುಂದು. ಎರಡು ನಗರಗಳಲ್ಲಿಯೂ ಸೈಕಲ್ ಪಟುಗಳಿಗೆಂದು ಸರ್ಕಾರದ ಕ್ರೀಡಾನಿಲಯಗಳಿವೆ. ಅಲ್ಲಿಗೆ ಬರುವವರಲ್ಲಿ ಒಕ್ಕಲುತನದ ಮನೆಗಳ ಹುಡುಗ ಹುಡುಗಿಯರೇ ಹೆಚ್ಚು. ಒಳ್ಳೆಯ ರೇಸಿನ ಸೈಕಲ್ಲಿಗೆ ಒಂದು ಜೋಡಿ ಎತ್ತಿನ ಬೆಲೆಯನ್ನು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚನ್ನು, ತೆರಬೇಕಾಗುವುದು. ಮನೆಯವರು ಒಮ್ಮೆ ಹೇಗೋ ಹೊಂದಿಸಿ ಕೊಡಿಸಿದ ಸೈಕಲ್ಲು ಕಾಲೇಜು ಮುಗಿಯುವವರೆಗಾದರೂ ಬಾಳಬೇಕು. ಹಣದ ಮಾತು ಹಾಗಿರಲಿ, ಇಳಿಜಾರಿನಲ್ಲಿ ಗಂಟೆಗೆ 50 ಕಿಲೋಮೀಟರು ವೇಗದಲ್ಲಿರುವಾಗ ಚೌಕಟ್ಟು ಮುರಿದರೆ ಮುರಿಯುವುದು ಚೌಕಟ್ಟೊಂದೇ ಅಲ್ಲ. ಆದುದರಿಂದ ಹಗುರತನದಿಂದ ನಮಗೆ ದೊರೆಯುವುದೇನು, ಅದಕ್ಕಾಗಿ ನಾವು ತೆರುವುದೇನು ಎಂಬ ಲೆಕ್ಕವನ್ನು ಒಮ್ಮೆ ಸರಿಯಾಗಿ ಹಾಕಿ ನೋಡೋಣ. ಪ್ರೌಢಶಾಲೆಯ ಭೌತಶಾಸ್ತ್ರಕ್ಕಿಂತ ಹೆಚ್ಚಿನದೇನೂ ಇದಕ್ಕೆ ಬೇಕಿಲ್ಲ.

ಮೊದಲು ಲಾಭದ ಲೆಕ್ಕ. ಸವಾರ ಮತ್ತು ಸೈಕಲ್ಲು ಸೇರಿ 70 ಕಿಲೋಗ್ರಾಂ ಎಂದು ಹಿಡಿಯೋಣ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 36 ಕಿಲೋಮೀಟರು, ಎಂದರೆ ಸೆಕೆಂಡಿಗೆ 10 ಮೀಟರು ವೇಗದಲ್ಲಿ ಹೋಗುವಾಗ ಅವನ ಶಕ್ತಿ ಎರಡು ಕಡೆ ವ್ಯಯವಾಗುತ್ತದೆ. ಗಾಳಿಯನ್ನು ಸೀಳುವುದಕ್ಕೆ ಸುಮಾರು 180 ವಾಟ್, ಟೈರುಗಳ ಉರುಳುವಿಕೆಯ ತಡೆಯನ್ನು ಗೆಲ್ಲುವುದಕ್ಕೆ ಸುಮಾರು 35 ವಾಟ್. ಈ ಎರಡರಲ್ಲಿ ತೂಕಕ್ಕೆ ಸಂಬಂಧಪಟ್ಟುದು ಎರಡನೆಯದು ಮಾತ್ರ; ಗಾಳಿಯು ನಮ್ಮ ತೂಕವನ್ನು ಕೇಳುವುದಿಲ್ಲ, ಆಕಾರವನ್ನು ಕೇಳುತ್ತದೆ. ಈಗ ಚೌಕಟ್ಟಿನ ತೂಕವನ್ನು 500 ಗ್ರಾಂ ಇಳಿಸಿದೆವೆನ್ನಿ. 70 ಕಿಲೋಗ್ರಾಮಿಗೆ 35 ವಾಟ್ ಆದರೆ ಅರ್ಧ ಕಿಲೋಗ್ರಾಮಿಗೆ ಎಷ್ಟು? ಕಾಲು ವಾಟ್. ಅದೇ ಸವಾರನು ಮೊಳಕೈಗಳನ್ನು ಒಳಕ್ಕೆ ಎಳೆದು, ತಲೆಯನ್ನು ತಗ್ಗಿಸಿ, ಮೈಗಂಟುವ ಅಂಗಿ ತೊಟ್ಟು ಗಾಳಿಯ ತಡೆಯನ್ನು ಹದಿನಾರರಲ್ಲಿ ಒಂದು ಪಾಲು ತಗ್ಗಿಸಿದರೆ ಉಳಿಯುವುದು 11 ವಾಟಿಗಿಂತ ಹೆಚ್ಚು. ಅಂಗಿಯ ಬೆಲೆ ಚೌಕಟ್ಟಿನ ಬೆಲೆಯ ಎಷ್ಟರ ಪಾಲೆಂಬುದನ್ನು ವಾಚಕರೇ ಲೆಕ್ಕ ಹಾಕಲಿ.

ಏರಿನಲ್ಲಿ ಮಾತು ಬೇರೆ. ಅಲ್ಲಿ ಪ್ರತಿಯೊಂದು ಗ್ರಾಮನ್ನೂ ಭೂಮಿಯ ಸೆಳೆತಕ್ಕೆ ಎದುರಾಗಿ ಎತ್ತಬೇಕು. ಅರ್ಧ ಕಿಲೋಗ್ರಾಮನ್ನು 100 ಮೀಟರು ಎತ್ತರಕ್ಕೆ ಏರಿಸಲು ಬೇಕಾದ ಕೆಲಸ 0.5 × 9.8 × 100, ಎಂದರೆ 490 ಜೂಲ್. 250 ವಾಟ್ ಶಕ್ತಿಯಿಂದ ತುಳಿಯುವ ಸವಾರನಿಗೆ ಇದು ಹೆಚ್ಚುಕಡಮೆ 2 ಸೆಕೆಂಡುಗಳ ಕೆಲಸ. ನಮ್ಮ ಸೀಮೆಯಲ್ಲಿ ಒಂದೇ ಉಸಿರಿಗೆ 100 ಮೀಟರು ಏರುವ ರಸ್ತೆ ಸಿಗುವುದೇ ಅಪರೂಪ. ಫ್ರಾನ್ಸಿನ ಆಲ್ಪ್ಸ್ ಪರ್ವತಗಳಲ್ಲಿ ಆಲ್ಪ್ ದ್ಯುಎಜ್ ಎಂಬ ಪ್ರಸಿದ್ಧವಾದ ಏರೊಂದಿದೆ. ಅದರ ಬುಡದಿಂದ ತುದಿಗೆ ಸುಮಾರು 1,100 ಮೀಟರು ಎತ್ತರ. ಅಲ್ಲಿ ಇದೇ ಅರ್ಧ ಕಿಲೋಗ್ರಾಂ ಇದೇ ಸವಾರನಿಗೆ 20 ಸೆಕೆಂಡುಗಳಿಗೂ ಹೆಚ್ಚು ಕಾಲವನ್ನು ಕಳೆಯುತ್ತದೆ. ಅಂಥ ಸ್ಪರ್ಧೆಯಲ್ಲಿ 20 ಸೆಕೆಂಡೆಂದರೆ ಗೆಲುವಿಗೂ ಸೋಲಿಗೂ ನಡುವಣ ಅಂತರ. ಹಗುರತನದ ಹಂಬಲ ಹುಟ್ಟಿದ್ದು ಬೆಟ್ಟಗಳಲ್ಲಿ. ಅದು ಬಯಲುಸೀಮೆಗೂ ಇಳಿದು ಬಂದದ್ದು ಅಂಗಡಿಯ ದಾರಿಯಿಂದ ಎಂದು ನಮಗೆ ತೋರುತ್ತದೆ. ಆದರೂ ಹಗುರತನವು ಬರಿಯ ಭ್ರಮೆಯೆಂದು ಹೇಳಲಾಗದು. ಗುಂಪಿನಿಂದ ಥಟ್ಟನೆ ಹೊರಬಿದ್ದು ವೇಗ ಹೆಚ್ಚಿಸುವಾಗ ಪ್ರತಿ ಸಲವೂ ಅದರ ನೆರವಿದೆ; ಅಲ್ಪ ನೆರವು, ಆದರೆ ನಿಜವಾದುದು.

ಇನ್ನು ಹಗುರತನ ಬರುವುದು ಎಲ್ಲಿಂದ? ಈ ಪ್ರಶ್ನೆಗೆ ಬಹಳ ಮಂದಿ ಥಟ್ಟನೆ ಕೊಡುವ ಉತ್ತರ, 'ಹಗುರವಾದ ಲೋಹದಿಂದ' ಎಂದು. ಉತ್ತರ ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ.

ಚೌಕಟ್ಟಿನ ಆಕಾರವನ್ನು ಮೊದಲು ಗಮನಿಸೋಣ. ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ 'ರೋವರ್' ಸೈಕಲ್ಲನ್ನು ತಂದ ಮೇಲೆ, ಮುಂದಿನ ಹತ್ತು ವರ್ಷಗಳೊಳಗಾಗಿ, ಇಂದು ನಾವು ಕಾಣುವ ಎರಡು ತ್ರಿಕೋನಗಳ ಚೌಕಟ್ಟು ನೆಲೆಗೊಂಡಿತು. ನಾಲ್ಕು ಕಡ್ಡಿಗಳನ್ನು ಮೂಲೆಗಳಲ್ಲಿ ಒಂದೊಂದು ಮೊಳೆಯಿಂದ ಜೋಡಿಸಿ ಒತ್ತಿ ನೋಡಿ, ಚೌಕವು ಓರೆಯಾಗಿ ಮಲಗುತ್ತದೆ. ಮೂರು ಕಡ್ಡಿಗಳನ್ನು ಜೋಡಿಸಿ ಒತ್ತಿ, ಕದಲುವುದಿಲ್ಲ. ಕಡ್ಡಿಯೊಂದು ಮುರಿಯದೆ ಅಥವಾ ಎಳೆದು ಉದ್ದವಾಗದೆ ತ್ರಿಕೋನವು ತನ್ನ ರೂಪವನ್ನು ಬಿಡಲಾರದು. ಕರಿಯ ಸೈಕಲ್ಲಿನಲ್ಲಿಯೂ ರೇಸಿನ ಸೈಕಲ್ಲಿನಲ್ಲಿಯೂ ಇರುವುದು ಈ ಒಂದೇ ತತ್ತ್ವ. ಆದುದರಿಂದ ಭೇದವಿರುವುದು ಬಾರುಗಳಲ್ಲಿ, ಎಂದರೆ ಆ ಕೊಳವೆಗಳಲ್ಲಿ.

ಕೊಳವೆಗೆ ಮೂರು ಲೋಹಗಳು ಬಳಕೆಯಲ್ಲಿವೆ. ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ 7.85 ಗ್ರಾಂ, ಅಲ್ಯುಮಿನಿಯಂ 2.7, ಟೈಟೇನಿಯಂ ಮಿಶ್ರಲೋಹ ಸುಮಾರು 4.4. ಅಲ್ಯುಮಿನಿಯಂ ಉಕ್ಕಿನ ಮೂರನೆಯ ಒಂದು ಪಾಲು ಎಂದಾಯಿತು. ಆದರೆ ಒತ್ತಿದಾಗ ಬಗ್ಗದೆ ನಿಲ್ಲುವ ಗುಣವೂ ಬೇಕಷ್ಟೆ. ಅದನ್ನು ಅಳೆಯುವ ಯಂಗನ ಗುಣಾಂಕವು ಉಕ್ಕಿಗೆ ಸುಮಾರು 200 ಗಿಗಾಪಾಸ್ಕಲ್, ಟೈಟೇನಿಯಮಿಗೆ 110, ಅಲ್ಯುಮಿನಿಯಮಿಗೆ 70. ಈಗ ಒಂದನ್ನು ಇನ್ನೊಂದರಿಂದ ಭಾಗಿಸಿ ನೋಡಿ. 200ನ್ನು 7.85ರಿಂದ ಭಾಗಿಸಿದರೆ ಸುಮಾರು 25, 110ನ್ನು 4.4ರಿಂದ ಭಾಗಿಸಿದರೆ 25, 70ನ್ನು 2.7ರಿಂದ ಭಾಗಿಸಿದರೆ 26. ಪ್ರಕೃತಿಯು ಮೂರು ಲೋಹಗಳಿಗೂ ಹೆಚ್ಚುಕಡಮೆ ಒಂದೇ ಅಳತೆಯಿಂದ ಹಂಚಿದೆ! ತೂಕದಲ್ಲಿ ಎಷ್ಟು ಉಳಿಸುವೆವೋ ಬಿಗಿತದಲ್ಲಿ ಅಷ್ಟೇ ಕಳೆದುಕೊಳ್ಳುವೆವು. ಉಕ್ಕಿನ ಕೊಳವೆಯ ಅಳತೆಯಲ್ಲಿಯೇ ಅಲ್ಯುಮಿನಿಯಂ ಕೊಳವೆ ಮಾಡಿದರೆ ಅದು ಮೂರು ಪಟ್ಟು ಹಗುರವಾಗುವುದು, ಮೂರು ಪಟ್ಟು ಹೆಚ್ಚು ಬಗ್ಗುವುದು.

ಹಾಗಾದರೆ ಅಲ್ಯುಮಿನಿಯಂ ಸೈಕಲ್ಲು ಹಗುರವಾಗಿಯೂ ಬಿಗಿಯಾಗಿಯೂ ಇರುವುದು ಹೇಗೆ? ಉತ್ತರವು ನಮ್ಮ ಹೊಲದಲ್ಲಿಯೇ ಇದೆ. ಈ ಸೀಮೆಯಲ್ಲಿ ಜೋಳದ ದಂಟಿನಿಂದ ಆಟದ ಬಂಡಿ ಮಾಡದೆ ಬೆಳೆದ ಮಕ್ಕಳು ಕಡಿಮೆ. ದಂಟನ್ನು ಸೀಳಿದರೆ ಹೊರಗೆ ಗಟ್ಟಿಯಾದ ತೆಳು ಸಿಪ್ಪೆ, ಒಳಗೆ ಹತ್ತಿಯಂಥ ಬೆಂಡು. ಆಳೆತ್ತರದ ಮೇಲೆ ತೆನೆಯನ್ನು ಹೊತ್ತು ಗಾಳಿಗೆ ತೂಗುವ ದಂಟು ತನ್ನ ಗಟ್ಟಿ ವಸ್ತುವನ್ನೆಲ್ಲ ಹೊರಗಡೆಯೇ ಇಟ್ಟಿದೆ. ಏಕೆಂದರೆ ಯಾವುದೇ ಕೋಲು ಬಗ್ಗುವಾಗ ಅದರ ಒಂದು ಮೈ ಎಳೆಯಲ್ಪಡುತ್ತದೆ, ಎದುರು ಮೈ ಒತ್ತಲ್ಪಡುತ್ತದೆ; ನಡುವಿನ ವಸ್ತುವಿಗೆ ಕೆಲಸವೇ ಇಲ್ಲ. ಗಟ್ಟಿ ವಸ್ತು ನಡುವಿನಿಂದ ದೂರ ಸರಿದಷ್ಟೂ ಅದರ ಹಿಡಿತ ಹೆಚ್ಚು. ತೆಳುವಾದ ಕೊಳವೆಯ ಬಿಗಿತವು ವ್ಯಾಸದ ಘನಕ್ಕೂ ಗೋಡೆಯ ದಪ್ಪಕ್ಕೂ ಅನುಪಾತದಲ್ಲಿರುತ್ತದೆ. ತೂಕವಾದರೋ ವ್ಯಾಸಕ್ಕೂ ದಪ್ಪಕ್ಕೂ ಮಾತ್ರ. ವ್ಯಾಸವನ್ನು ಇಮ್ಮಡಿಸಿ ಗೋಡೆಯನ್ನು ಅರ್ಧಕ್ಕೆ ಇಳಿಸಿದರೆ ತೂಕ ಇದ್ದಂತೆಯೇ ಇರುವುದು, ಬಿಗಿತ ನಾಲ್ಕು ಪಟ್ಟಾಗುವುದು.

ನಿಜವಾದ ಅಳತೆಗಳಿಂದಲೇ ಲೆಕ್ಕ ಮಾಡೋಣ. 32 ಮಿಲಿಮೀಟರು ವ್ಯಾಸದ, 0.8 ಮಿಲಿಮೀಟರು ಗೋಡೆಯ ಉಕ್ಕಿನ ಕೊಳವೆ ಮೀಟರಿಗೆ ಸುಮಾರು 615 ಗ್ರಾಂ ತೂಗುತ್ತದೆ. 44 ಮಿಲಿಮೀಟರು ವ್ಯಾಸದ, 1.3 ಮಿಲಿಮೀಟರು ಗೋಡೆಯ ಅಲ್ಯುಮಿನಿಯಂ ಕೊಳವೆ ತೂಗುವುದು ಸುಮಾರು 470 ಗ್ರಾಂ. ಅದರ ಬಿಗಿತವಾದರೋ ಉಕ್ಕಿನದರ ಸುಮಾರು ಒಂದೂವರೆ ಪಟ್ಟು. ಅಲ್ಯುಮಿನಿಯಂ ಚೌಕಟ್ಟಿನ ಬಾರುಗಳು ದಪ್ಪ ದಪ್ಪನಾಗಿ ಕಾಣುವುದು ಇದೇ ಕಾರಣದಿಂದ. ಅಂದಮೇಲೆ ಉಕ್ಕಿನ ಕೊಳವೆಯನ್ನೇ 44 ಮಿಲಿಮೀಟರಿಗೆ ಹಿಗ್ಗಿಸಿ, ಗೋಡೆಯನ್ನು ಅದಕ್ಕೆ ತಕ್ಕಂತೆ ತೆಳುವಾಗಿಸಬಾರದೇಕೆ ಎಂದು ಚುರುಕು ವಿದ್ಯಾರ್ಥಿಯು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಒಂದು ಹಾಳೆ ಕಾಗದವೇ ಉತ್ತರ ಹೇಳುತ್ತದೆ. ಕಾಗದವನ್ನು ಪೆನ್ಸಿಲಿನ ಮೇಲೆ ಬಿಗಿಯಾಗಿ ಸುತ್ತಿ ಅಂಟಿಸಿರಿ. ಅಂಥದೇ ಇನ್ನೊಂದು ಹಾಳೆಯನ್ನು ಚೊಂಬಿನ ಸುತ್ತ ಒಂದೇ ಸುತ್ತು ಸುತ್ತಿ ಅಂಟಿಸಿರಿ. ಎರಡನೆಯದು ಮೆಲ್ಲಗೆ ಒತ್ತಿದರೆ ನೆಟ್ಟಗೆ ನಿಲ್ಲುತ್ತದೆ, ಆದರೆ ಬೆರಳು ತಾಕಿದ ಕಡೆ ತಗ್ಗು ಬೀಳುತ್ತದೆ. ತಗ್ಗು ಬಿದ್ದೊಡನೆ ಇಡೀ ಕೊಳವೆ ಮಡಿಸಿಕೊಳ್ಳುತ್ತದೆ. ವ್ಯಾಸವು ಗೋಡೆಯ ದಪ್ಪದ ಸುಮಾರು 50 ಪಟ್ಟು ಮೀರಿತೆಂದರೆ ಈ ಅಪಾಯ ಸಮೀಪಿಸಿತೆಂದು ತಯಾರಕರು ಸ್ಥೂಲವಾಗಿ ಎಣಿಸುತ್ತಾರೆ. ಜೋಳದ ದಂಟು ಒಳಗೆ ಬೆಂಡನ್ನು ತುಂಬಿಕೊಂಡಿರುವುದು, ಬಿದಿರು ಅಲ್ಲಲ್ಲಿ ಗೆಣ್ಣುಗಳನ್ನು ಇಟ್ಟುಕೊಂಡಿರುವುದು ಈ ಮಡಿಕೆಯನ್ನು ತಡೆಯುವುದಕ್ಕೇ. ಸೈಕಲ್ಲಿನ ಕೊಳವೆಗೆ ಬೆಂಡೂ ಇಲ್ಲ, ಗೆಣ್ಣೂ ಇಲ್ಲ.

ಒಂದು ಜಾಣ ಉಪಾಯವನ್ನು ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ರೆನಾಲ್ಡ್ಸ್ 1897ರಲ್ಲಿಯೇ ಪೇಟೆಂಟು ಮಾಡಿಸಿದ್ದರು. ಕೊಳವೆಯ ಮೇಲೆ ಒತ್ತಡ ಹೆಚ್ಚಾಗಿ ಬೀಳುವುದು ಕೂಡಿಕೆಗಳ ಬಳಿ. ಆದುದರಿಂದ ಹೊರಗಿನ ವ್ಯಾಸವನ್ನು ಬದಲಿಸದೆ, ತುದಿಗಳಲ್ಲಿ ಗೋಡೆಯನ್ನು ದಪ್ಪವಾಗಿಯೂ ನಡುವೆ ತೆಳುವಾಗಿಯೂ ಎಳೆಯುವುದು. ಇಂದಿಗೂ ಒಳ್ಳೆಯ ಲೋಹದ ಚೌಕಟ್ಟುಗಳೆಲ್ಲ ಹೀಗೆಯೇ ಆಗುತ್ತವೆ. ಬೆರಳಿನ ಉಗುರಿನಿಂದ ಬಾರನ್ನು ತಟ್ಟುತ್ತ ಹೋದರೆ ನಡುವೆ ಸದ್ದು ಬದಲಾಗುವುದನ್ನು ಕೇಳಬಹುದು.

ಹಗುರತನವು ಕೊನೆಗೆ ಬರುವುದು ಗೋಡೆಯ ತೆಳುವಿನಿಂದ ಎಂಬುದು ಇಲ್ಲಿಗೆ ಸ್ಪಷ್ಟವಾಯಿತು. ತೆಳುವಾದುದು ತಗ್ಗು ಬೀಳುತ್ತದೆ ಎಂಬುದು ಕಣ್ಣಿಗೆ ಕಾಣುವ ನಷ್ಟ. ಕಾಣದ ನಷ್ಟವೊಂದಿದೆ, ಅದರ ಹೆಸರು ಲೋಹದ ದಣಿವು.

ತಂತಿಯನ್ನು ಕೈಯಿಂದ ಎಳೆದು ಕಡಿಯಲಾಗದು. ಹತ್ತಿಪ್ಪತ್ತು ಸಲ ಹಿಂದಕ್ಕೂ ಮುಂದಕ್ಕೂ ಬಾಗಿಸಿದರೆ ತಾನೇ ತುಂಡಾಗುತ್ತದೆ. ಒಂದು ಸಲಕ್ಕೆ ಏನೂ ಮಾಡದ ಬಲವು ಸಾವಿರ, ಲಕ್ಷ ಸಲ ಬಂದರೆ ಲೋಹದೊಳಗೆ ಸೂಕ್ಷ್ಮವಾದ ಬಿರುಕೊಂದು ಹುಟ್ಟಿ ಬೆಳೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ರೈಲುಗಾಡಿಗಳ ಅಚ್ಚುಗಳು ಕಾರಣ ತಿಳಿಯದಂತೆ ಮುರಿಯುತ್ತಿದ್ದಾಗ ಜರ್ಮನಿಯ ಆಗಸ್ಟ್ ವ್ಯೋಲರ್ ಇದನ್ನು ವರ್ಷಗಟ್ಟಲೆ ಪ್ರಯೋಗ ಮಾಡಿ ನೋಡಿದನು. ಅವನು ಕಂಡ ಸಂಗತಿ ಇದು: ಉಕ್ಕಿನ ಮೇಲಿನ ಒತ್ತಡವು ಒಂದು ಮಿತಿಗಿಂತ ಕೆಳಗಿದ್ದರೆ ಎಷ್ಟು ಸಲ ಬಂದರೂ ಉಕ್ಕು ದಣಿಯದು. ಅಲ್ಯುಮಿನಿಯಮಿಗೆ ಇಂಥ ಖಚಿತವಾದ ಮಿತಿಯಿಲ್ಲ. ಒತ್ತಡವನ್ನು ತಗ್ಗಿಸಿದರೆ ಆಯುಸ್ಸು ಬೆಳೆಯುತ್ತದೆ, ಆದರೆ ಮುಗಿಯದ ಆಯುಸ್ಸೆಂಬುದಿಲ್ಲ. 1954ರ ಜನವರಿ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲಿಯೇ ಸೀಳಿ ಸಮುದ್ರಕ್ಕೆ ಬಿದ್ದವು. ಒಳಗಿನ ಗಾಳಿಯ ಒತ್ತಡ ಪ್ರತಿ ಹಾರಾಟದಲ್ಲಿ ಏರಿ ಇಳಿದು, ಅಲ್ಯುಮಿನಿಯಂ ಮೈಯಲ್ಲಿ ಕಿಂಡಿಗಳ ಮೂಲೆಗಳಿಂದ ದಣಿವಿನ ಬಿರುಕು ಹರಡಿತ್ತೆಂದು ತನಿಖೆ ತೋರಿಸಿತು.

ಸೈಕಲ್ಲಿಗೆ ಈ ಲೆಕ್ಕವನ್ನು ಹಚ್ಚೋಣ. ದಿನಕ್ಕೆ 4 ಗಂಟೆ ಅಭ್ಯಾಸ ಮಾಡುವ ಹುಡುಗಿಯು ನಿಮಿಷಕ್ಕೆ 80 ಸುತ್ತು ತುಳಿದರೆ ದಿನಕ್ಕೆ 19,200 ಸುತ್ತು. ವರ್ಷಕ್ಕೆ 300 ದಿನವೆಂದರೆ 57 ಲಕ್ಷ 60 ಸಾವಿರ ಸುತ್ತು. ಒಂದೊಂದು ಸುತ್ತಿಗೂ ಚೌಕಟ್ಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಾಣದಷ್ಟು ಬಾಗಿ ಮರಳುತ್ತದೆ. ಒತ್ತಡಕ್ಕೂ ಆಯುಸ್ಸಿಗೂ ಇರುವ ಸಂಬಂಧವು ನೇರವಾದುದಲ್ಲ, ಘಾತದ್ದು. ಲೋಹವನ್ನೂ ಬೆಸುಗೆಯನ್ನೂ ಅವಲಂಬಿಸಿ ಈ ಘಾತ ಬದಲಾಗುವುದು. ಉದಾಹರಣೆಗಾಗಿ 5 ಎಂದು ಹಿಡಿಯೋಣ. ತೂಕ ಉಳಿಸಲು ಗೋಡೆಯನ್ನು ನೂರಕ್ಕೆ 20ರಷ್ಟು ತೆಳುವಾಗಿಸಿದರೆ ಒತ್ತಡವು ಒಂದೂಕಾಲು ಪಟ್ಟಾಗುತ್ತದೆ. 1.25ರ ಐದನೆಯ ಘಾತ 3ಕ್ಕಿಂತ ತುಸು ಹೆಚ್ಚು. ಐದರಲ್ಲೊಂದು ಪಾಲು ತೂಕವನ್ನು ಉಳಿಸಲು ಮೂರರಲ್ಲೆರಡು ಪಾಲು ಆಯುಸ್ಸನ್ನು ಕೊಟ್ಟಂತಾಯಿತು! ನಮ್ಮ ಇಡೀ ಲೇಖನದಲ್ಲಿ ನೆನಪಿಡಬೇಕಾದ ಲೆಕ್ಕವೊಂದಿದ್ದರೆ ಅದು ಇದೇ.

ಅಂತರರಾಷ್ಟ್ರೀಯ ಮಾನಕವಾದ ಐ.ಎಸ್.ಓ. 4210ರಲ್ಲಿ ಚೌಕಟ್ಟಿನ ದಣಿವಿನ ಪರೀಕ್ಷೆಯೂ ಇದೆ. ರೇಸಿನ ಚೌಕಟ್ಟಾದರೆ ಎಡ ಬಲ ಪೆಡಲುಗಳ ಮೇಲೆ ಸರದಿಯಂತೆ 1,100 ನ್ಯೂಟನ್, ಎಂದರೆ ಸುಮಾರು 110 ಕಿಲೋಗ್ರಾಂ ತೂಕದ ಬಲವನ್ನು 1,00,000 ಆವರ್ತಗಳವರೆಗೆ ಹಾಕುತ್ತಾರೆ, ಬಿರುಕು ಬೀಳಬಾರದು. ನಮ್ಮ ಹುಡುಗಿಯ ಸಾಧಾರಣ ತುಳಿತ 250 ನ್ಯೂಟನ್ ಎಂದು ಹಿಡಿದರೆ, ಐದನೆಯ ಘಾತದ ಲೆಕ್ಕದಂತೆ ಈ ಪರೀಕ್ಷೆಯು ಹದಿನಾರು ಕೋಟಿ ಸುತ್ತುಗಳಿಗೆ ಸಮ. ಅವಳಿಗೆ ಅದು 28 ವರ್ಷಗಳ ಅಭ್ಯಾಸ. ಹಾಗಿದ್ದರೆ ಚಿಂತೆಯೇಕೆ? ಏಕೆಂದರೆ ಆ ಲೆಕ್ಕದಲ್ಲಿ ರಸ್ತೆಯ ಗುಂಡಿಗಳಿಲ್ಲ. ಅದೇ ನಿಯಮದ ಪ್ರಕಾರ, ಒತ್ತಡವನ್ನು ಇಮ್ಮಡಿಸುವ ಒಂದೊಂದು ಪೆಟ್ಟೂ 32 ಸಾಧಾರಣ ಪೆಟ್ಟುಗಳಿಗೆ ಸಮ.

ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ಈ ನಾಡು ಬಹುಪಾಲು ಎರೆನೆಲ. ಎರೆಮಣ್ಣಿನ ಜೇಡಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಒಣಗಿ ಕೈ ಹೊಗುವಷ್ಟು ಬಾಯಿ ಬಿಡುತ್ತದೆ. ಅದರ ಮೇಲೆ ಹಾಸಿದ ಡಾಂಬರು ಎಷ್ಟು ಚೆನ್ನಾಗಿದ್ದರೂ ಕೆಲವು ವರ್ಷಗಳಲ್ಲಿ ಅಲೆಯಲೆಯಾಗಿ ಏಳುವುದು, ಅಂಚು ಹರಿಯುವುದು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಆ ಅಂಚನ್ನು ಇನ್ನಷ್ಟು ತುಳಿಯುತ್ತವೆ. ಊರ ಬಾಗಿಲಿಗೊಂದೊಂದು ಹಂಪು ಬೇರೆ. ಯೂರೋಪಿನ ನುಣುಪು ರಸ್ತೆಗೆಂದು ಗ್ರಾಂ ಗ್ರಾಂ ಕೆರೆದು ಮಾಡಿದ ಚೌಕಟ್ಟು ಈ ನೆಲದಲ್ಲಿ ಬೇರೆಯೇ ಪರೀಕ್ಷೆಗೆ ಕೂರುತ್ತದೆ.

ಇಲ್ಲಿ ನಮ್ಮದೇ ಒಂದು ಅನುಭವವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾವು ಒಬ್ಬರು ಬಳಸಿ ಬಿಟ್ಟ ಅಲ್ಯುಮಿನಿಯಂ ರೇಸ್ ಸೈಕಲ್ಲನ್ನು ಕೊಂಡಿದ್ದೆವು. ಒಂದೆರಡು ತಿಂಗಳಿಗೆ ತುಳಿದಾಗಲೆಲ್ಲ ಕಿರ್ ಎಂಬ ಸಣ್ಣ ಸದ್ದು ಕೇಳತೊಡಗಿತು. ಚೈನಿಗೆ ಎಣ್ಣೆ ಬಿಟ್ಟೆವು, ಪೆಡಲು ಬಿಗಿದೆವು, ಸೀಟನ್ನು ಬೈದೆವು. ಒಂದು ದಿನ ಸೈಕಲ್ಲು ತೊಳೆಯುವಾಗ, ಕೆಳಗಿನ ಬಾರು ಪೆಡಲಿನ ಅಚ್ಚಿನ ಗೂಡನ್ನು ಕೂಡುವಲ್ಲಿ, ಬೆಸುಗೆಯ ಅಂಚಿಗೆ ಕೂದಲಿನಂಥ ಒಂದು ಗೆರೆ ಕಾಣಿಸಿತು. ಅದು ಬಾರಿನ ಸುತ್ತಳತೆಯ ಮೂರರಲ್ಲೊಂದು ಪಾಲನ್ನು ಆಗಲೇ ದಾಟಿತ್ತು. ಹಿಂದಿನ ದಿನ ನಾವು ಅದನ್ನೇರಿ ಇಳಿಜಾರಿನಲ್ಲಿ ಬಂದಿದ್ದೆವು. ವೆಲ್ಡಿಂಗ್ ಅಂಗಡಿಯಲ್ಲಿ ಬೆಸುಗೆ ಹಾಕಿಸಿದೆವು. ಬೆಸುಗೆ ಅಂದವಾಗಿಯೇ ಬಂದಿತು. ಎರಡನೆಯ ವಾರಕ್ಕೆ ಬೆಸುಗೆಯ ಪಕ್ಕದಲ್ಲಿ, ಬೆಸುಗೆಯಲ್ಲಲ್ಲ, ಹೊಸ ಬಿರುಕು ಮೂಡಿತು.

ತಪ್ಪು ಬೆಸುಗೆ ಹಾಕಿದವರದಲ್ಲ, ಹಾಕಿಸಿದ ನಮ್ಮದು. ಸೈಕಲ್ಲಿನ ಅಲ್ಯುಮಿನಿಯಂ ಶುದ್ಧ ಲೋಹವಲ್ಲ. 6061 ಎಂಬ ಜಾತಿಯಲ್ಲಿ ಸ್ವಲ್ಪ ಮೆಗ್ನೀಸಿಯಮ್ಮೂ ಸಿಲಿಕಾನೂ ಇರುತ್ತವೆ. ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ ಮೆಲ್ಲನೆ ಕಾಯಿಸಿ ಇಟ್ಟಾಗ ಇವೆರಡೂ ಕೂಡಿ ಲೋಹದೊಳಗೆಲ್ಲ ಅತಿ ಸೂಕ್ಷ್ಮ ಕಣಗಳಾಗಿ ಹರಡಿ ಅದನ್ನು ಗಟ್ಟಿ ಮಾಡುತ್ತವೆ. ಇದೇ ಅದರ ಹದ. ಬೆಸುಗೆಯ ಬೆಂಕಿ ತಾಗಿದಲ್ಲಿ ಕಣಗಳು ಕರಗುತ್ತವೆ, ಇಲ್ಲವೆ ಒಂದಕ್ಕೊಂದು ಸೇರಿ ದಪ್ಪಗಾಗುತ್ತವೆ; ಬಲ ಅರ್ಧದಷ್ಟಕ್ಕೆ ಇಳಿಯಬಹುದು. ಕಾರ್ಖಾನೆಯಲ್ಲಿ ಬೆಸುಗೆಯಾದ ಮೇಲೆ ಇಡೀ ಚೌಕಟ್ಟನ್ನು ಕುಲುಮೆಗೆ ಹಾಕಿ ಹದವನ್ನು ಮರಳಿ ತರುತ್ತಾರೆ. ಅಂಗಡಿಯಲ್ಲಿ ಆ ಕುಲುಮೆ ಎಲ್ಲಿಂದ ಬರಬೇಕು? ಸಾಧಾರಣ ಉಕ್ಕಿನ ಕರಿಯ ಸೈಕಲ್ಲಿಗೆ ಈ ಪೀಡೆಯಿಲ್ಲ. ಅದರ ಗೋಡೆಯೂ ದಪ್ಪ, ಉಕ್ಕೂ ಸಾದಾ. ಯಾವ ಊರಿನಲ್ಲಾದರೂ ಬೆಸೆದು ಮತ್ತೆ ಹಾಲಿನ ಕ್ಯಾನು ಹೇರಬಹುದು.

ಈಗ ಇಂಗಾಲದ ಎಳೆಯ, ಅಂಗಡಿಗಳಲ್ಲಿ 'ಕಾರ್ಬನ್' ಎನ್ನುವ, ಚೌಕಟ್ಟಿನ ಮಾತು. ಕೂದಲಿನ ಹತ್ತನೆಯ ಒಂದು ಪಾಲಿನಷ್ಟು ತೆಳುವಾದ ಎಳೆಗಳನ್ನು ರಾಳದಲ್ಲಿ ಅದ್ದಿ, ಪದರ ಪದರವಾಗಿ ಅಚ್ಚಿನಲ್ಲಿಟ್ಟು ಬೇಯಿಸಿ ಇದನ್ನು ಮಾಡುತ್ತಾರೆ. ಸಾಂದ್ರತೆ 1.6ರ ಸುಮಾರು. ಎಳೆಯ ಉದ್ದಕ್ಕೆ ಎಳೆದರೆ ಅದರ ಬಿಗಿತವನ್ನು ಸಾಂದ್ರತೆಯಿಂದ ಭಾಗಿಸಿದ ಅಂಕಿ ಲೋಹಗಳಂತೆ 25 ಅಲ್ಲ, 80ಕ್ಕೂ ಮೇಲೆ. ಆ ಮೂರು ಲೋಹಗಳು ಕಟ್ಟುಬಿದ್ದಿದ್ದ ನಿಯಮವನ್ನು ದಾಟಿದ ವಸ್ತು ಇದು. ಇಳಕಲ್ಲಿನ ನೇಕಾರರು ಹಾಸಿಗೂ ಹೊಕ್ಕಿಗೂ ಬೇರೆ ಬೇರೆ ನೂಲು ಆರಿಸುವಂತೆ, ಇಲ್ಲಿಯೂ ಬಲ ಬೀಳುವ ದಿಕ್ಕಿಗೆ ಎಳೆಗಳನ್ನು ಹೂಡಬಹುದು. ಅಡ್ಡ ದಿಕ್ಕಿಗೆ ಬಲವಿಲ್ಲದ ಕಾರಣ ನಾನಾ ದಿಕ್ಕಿನ ಪದರಗಳು ಬೇಕಾಗಿ ಲಾಭ ಸ್ವಲ್ಪ ಇಳಿಯುತ್ತದೆ. ಆದರೂ 1 ಕಿಲೋಗ್ರಾಮಿಗೂ ಕಡಿಮೆ ತೂಕದ ಚೌಕಟ್ಟು ಇಂದು ವಿಶೇಷವೇನಲ್ಲ. ಚೆನ್ನಾಗಿ ಮಾಡಿದ ಕಾರ್ಬನ್ನು ದಣಿವನ್ನು ಅಲ್ಯುಮಿನಿಯಮಿಗಿಂತ ಚೆನ್ನಾಗಿಯೇ ತಾಳುತ್ತದೆ. ಅದು ಹೆದರುವುದು ಪೆಟ್ಟಿಗೆ. ಸೈಕಲ್ಲು ಮಗ್ಗುಲಾಗಿ ಕಲ್ಲಿನ ಮೇಲೆ ಬಿತ್ತೆನ್ನಿ. ಉಕ್ಕಾದರೆ ತಗ್ಗು ಬೀಳುತ್ತದೆ, ನಾವು ನೋಡುತ್ತೇವೆ. ಕಾರ್ಬನ್ನಾದರೆ ಹೊರಗೆ ಒಂದು ಗೀರು, ಒಳಗೆ ಪದರಗಳು ಬಿಟ್ಟುಕೊಂಡಿರಬಹುದು. ಮುರಿಯುವ ಮುನ್ನ ಉಕ್ಕು ಬಾಗಿ ಎಚ್ಚರಿಸುತ್ತದೆ. ಕಾರ್ಬನ್ನಿಗೆ ಆ ದಾಕ್ಷಿಣ್ಯವಿಲ್ಲ. ಟೈಟೇನಿಯಂ ತುಕ್ಕು ಹಿಡಿಯದು, ದಣಿವಿಗೂ ಜಗ್ಗದು; ಬೆಲೆಯೊಂದೇ ಅದರ ದೋಷವಾದ್ದರಿಂದ ಇಲ್ಲಿಗೇ ಬಿಡೋಣ.

ಹಗುರತನದ ಓಟಕ್ಕೆ ಒಂದು ಗೆರೆಯಿರಬೇಕೆಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟಕ್ಕೂ ತೋರಿತು. ಅದರ ಸ್ಪರ್ಧೆಗಳಲ್ಲಿ ಸೈಕಲ್ಲು 6.8 ಕಿಲೋಗ್ರಾಮಿಗಿಂತ ಹಗುರವಾಗಿರಕೂಡದೆಂಬ ನಿಯಮವು 2000ದಿಂದ ಜಾರಿಯಲ್ಲಿದೆ. ಜಗತ್ತಿನ ಅತ್ಯುತ್ತಮ ಸವಾರರೂ ಇದರೊಳಗೇ ಗೆಲ್ಲುತ್ತಾರೆ, ಸೋಲುತ್ತಾರೆ. ಅವರ ಹಿಂದೆ ಬದಲಿ ಸೈಕಲ್ಲುಗಳನ್ನು ಹೊತ್ತ ಕಾರು ಬರುತ್ತಿರುತ್ತದೆಂಬುದನ್ನೂ ಮರೆಯಬಾರದು. ಶಿರೂರಿನ ಹುಡುಗನ ಹಿಂದೆ ಬರುವುದು ಕೆಂಪು ಬಸ್ಸು.

ಅಭ್ಯಾಸಕ್ಕೆ ಯಾವ ಚೌಕಟ್ಟು ಕೊಳ್ಳಲಿ ಎಂದು ನಮ್ಮನ್ನು ಕೇಳಿದರೆ, ಒಳ್ಳೆಯ ಮಿಶ್ರ ಉಕ್ಕಿನದು, ಇಲ್ಲವೆ ತೀರ ತೆಳುವಲ್ಲದ ಅಲ್ಯುಮಿನಿಯಮಿನದು ಎನ್ನುವೆವು. ತೂಕ ಒಂದೂವರೆಯಿಂದ ಎರಡು ಕಿಲೋಗ್ರಾಂ ಇದ್ದರೂ ಚಿಂತೆಯಿಲ್ಲ. 23 ಮಿಲಿಮೀಟರಿನ ಟೈರುಗಳನ್ನು ಬಿಟ್ಟು, ಫೋರ್ಕಿನಲ್ಲಿ ಜಾಗವಿದ್ದರೆ, 28 ಮಿಲಿಮೀಟರಿನವನ್ನು ತೊಡಿಸಬೇಕು. ಕೆಲವು ಗ್ರಾಂ ಹೆಚ್ಚೀತು, ಆದರೆ ಗುಂಡಿಯ ಪೆಟ್ಟನ್ನು ಚೌಕಟ್ಟಿಗೆ ಮುಟ್ಟುವ ಮೊದಲೇ ಗಾಳಿ ನುಂಗುತ್ತದೆ. ರಾಜ್ಯ, ರಾಷ್ಟ್ರ ಮಟ್ಟದ ಸ್ಪರ್ಧೆಗೆ ಏರಿದವರಿಗೆ ಕಾರ್ಬನ್ನು ಬೇಕಾದೀತು. ಅದನ್ನು ಸ್ಪರ್ಧೆಯ ದಿನಕ್ಕೆಂದೇ ಕಾಯ್ದಿಡುವವರು ಜಾಣರು. ಇನ್ನೊಬ್ಬರು ಬಳಸಿದ ಕಾರ್ಬನ್ ಚೌಕಟ್ಟನ್ನು, ಅದು ಬಿದ್ದಿದೆಯೇ ಇಲ್ಲವೇ ಎಂಬುದು ತಿಳಿಯದೆ, ಅಗ್ಗವೆಂದು ಕೊಳ್ಳುವುದು ಮಾತ್ರ ಬೇಡ. ಕೊಳ್ಳಲೇಬೇಕಾದರೆ ಒಂದು ರೂಪಾಯಿ ನಾಣ್ಯದಿಂದ ಬಾರುಗಳ ಉದ್ದಕ್ಕೂ ಮೆಲ್ಲಗೆ ತಟ್ಟಿ ನೋಡಬೇಕು. ಗಟ್ಟಿಯಾದಲ್ಲಿ ಸದ್ದು ಟಣ್ ಎಂದು ಸ್ಪಷ್ಟವಾಗಿರುತ್ತದೆ. ಪದರ ಬಿಟ್ಟಲ್ಲಿ ಒಡಕು ಮಡಕೆಯಂತೆ ಮಂಕಾಗುತ್ತದೆ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ನಮ್ಮ ತಾಯಂದಿರು ಮಾಡುತ್ತಿದ್ದುದೂ ಇದನ್ನೇ. ಸದ್ದು ಸರಿಯಾಗಿದ್ದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ, ಸರಿಯಿಲ್ಲದಿದ್ದರೆ ಮಾತ್ರ ಬಿಟ್ಟುಬಿಡುವುದು ನಿಶ್ಚಯ.

ಲೋಹದ ಚೌಕಟ್ಟನ್ನು ವಾರಕ್ಕೊಮ್ಮೆ ತೊಳೆದು ಒರೆಸುವಾಗ ಮೂರು ಜಾಗಗಳನ್ನು ಬೆಳಕಿಗೆ ಹಿಡಿದು ನೋಡಬೇಕು: ಹ್ಯಾಂಡಲಿನ ಗೂಡಿಗೆ ಕೆಳಗಿನ ಬಾರು ಸೇರುವ ಕಡೆ, ಪೆಡಲಿನ ಅಚ್ಚಿನ ಗೂಡಿನ ಸುತ್ತ, ಹಿಂದಿನ ಚಕ್ರ ಕೂರುವ ಕಡೆ. ಬಣ್ಣದಲ್ಲಿ ಕೂದಲೆಳೆಯ ಗೆರೆ, ಉಕ್ಕಾದರೆ ಅದರಿಂದ ಇಳಿದ ತುಕ್ಕಿನ ಕೆಂಪು, ಕಾರಣ ಸಿಗದ ಕಿರುಗುಟ್ಟುವಿಕೆ, ಇವುಗಳಲ್ಲಿ ಯಾವುದು ಕಂಡರೂ ಅಂದಿನ ಸವಾರಿ ನಿಲ್ಲಿಸಬೇಕು. ಉಕ್ಕಿನ ಬಾರುಗಳು ಒಳಗಿನಿಂದಲೂ ತುಕ್ಕು ಹಿಡಿಯುವುದುಂಟು. ಮಳೆಯಲ್ಲಿ ನೆನೆದ ಸೈಕಲ್ಲಿನ ಸೀಟಿನ ಕಂಬವನ್ನು ಹೊರತೆಗೆದು, ತಲೆಕೆಳಗಾಗಿಸಿ ನೀರು ಬಸಿದು ಒಣಗಿಸುವುದು ಅಭ್ಯಾಸವಾಗಬೇಕು.

ಫೋರ್ಕಿನ ವಿಷಯದಲ್ಲಂತೂ ಉಳಿತಾಯದ ಮಾತೇ ಸಲ್ಲದು. ಹಿಂದಿನ ಬಾರು ಮುರಿದರೆ ಸೈಕಲ್ಲು ಕುಸಿಯುತ್ತದೆ, ಕಾಲು ಕೊಟ್ಟು ನಿಲ್ಲಬಹುದು; ಮುಂದಿನ ಫೋರ್ಕು ಮುರಿದರೆ ಸವಾರನು ತಲೆಕೆಳಗಾಗಿ ನೆಲಕ್ಕೆ ಹೋಗುತ್ತಾನೆ. 2006ರಲ್ಲಿ ಫ್ರಾನ್ಸಿನ ಕಲ್ಲುಹಾಸಿನ ದಾರಿಗಳ ಪ್ಯಾರಿಸ್–ರೂಬೇ ಸ್ಪರ್ಧೆಯಲ್ಲಿ, ಮುಂಚೂಣಿಯಲ್ಲಿದ್ದ ಅಮೆರಿಕದ ಜಾರ್ಜ್ ಹಿಂಕ್ಯಾಪಿಯವರ ಫೋರ್ಕಿನ ಮೇಲ್ಕೊಳವೆ, ಎಂದರೆ ಹ್ಯಾಂಡಲಿಗೆ ಸೇರುವ ಭಾಗ, ಮುರಿದು ಹ್ಯಾಂಡಲು ಕೈಗೆ ಬಂದಿತು. ಅವರು ಬಿದ್ದು ಭುಜಕ್ಕೆ ಪೆಟ್ಟಾಯಿತು. ನುರಿತ ಯಂತ್ರಜ್ಞರ ಪಡೆಯೇ ನೋಡಿಕೊಳ್ಳುತ್ತಿದ್ದ ಸೈಕಲ್ಲು ಅದು. ಆ ಕೊಳವೆಯು ಹ್ಯಾಂಡಲಿನ ಗೂಡಿನೊಳಗೆ ಅಡಗಿರುವುದರಿಂದ ಹೊರಗಿನಿಂದ ನೋಡಿ ಏನೂ ತಿಳಿಯದು. ಎದುರಿನಿಂದ ಬಲವಾಗಿ ಡಿಕ್ಕಿ ಹೊಡೆದು ಬಿದ್ದ ಸೈಕಲ್ಲಿನ ಫೋರ್ಕನ್ನು ಬಿಚ್ಚಿಸಿ, ಬುಡದಿಂದ ತುದಿಯವರೆಗೆ ನೋಡಿಸಿದ ಮೇಲೆಯೇ ಮತ್ತೆ ಏರಬೇಕು. ಅಲ್ಯುಮಿನಿಯಮಿನದೋ ಕಾರ್ಬನ್ನಿನದೋ ಆಗಿದ್ದು, ಬಾಗಿದ ಇಲ್ಲವೆ ಬಿರಿದ ಗುರುತಿದ್ದರೆ, ನೆಟ್ಟಗೆ ಮಾಡಿಸುವ ಯೋಚನೆಯನ್ನು ಬಿಟ್ಟು ಹೊಸದನ್ನೇ ಹಾಕಿಸಬೇಕು.